ಹೋಟೆಲು ಬಿಟ್ಟು ಹಿಮಾಚಲಕ್ಕೆ

ಬೇರೆಯವರ ಮನೆಯಲ್ಲಿ ಪ್ರವಾಸದ ಕತೆ ಶುರುವಾಗುವುದು ರೈಲು ಹತ್ತಿದ ಮೇಲೆ. ನಮ್ಮ ಮನೆಯಲ್ಲಿ ಟಿಕೆಟು ತೆಗೆಯುವ ಮೊದಲೇ ಮುಕ್ಕಾಲು ಕತೆ ಮುಗಿದಿರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಪುಣೆಯ ಖಡಕಿ ಬಜಾರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು, ಅದರ ಮಾಳಿಗೆಯಲ್ಲೇ ಮನೆ. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದ ನಾನು ಅಲ್ಲಿಯವರೆಗೆ ಕಂಡ ಹಿಮವೆಂದರೆ ಹೋಟೆಲಿನ ಫ್ರೀಜರಿನಲ್ಲಿ ಕಟ್ಟಿಕೊಂಡದ್ದು ಮಾತ್ರ.

ಜರೂರ್ ಆಯೇಂಗೆ

ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಮಿಲಿಟರಿಯವರು. ವರ್ಗವಾಗಿ ಹೋಗುವಾಗ ಪ್ರತಿಯೊಬ್ಬರೂ "ನಮ್ಮ ಊರಿಗೆ ಬನ್ನಿ" ಎನ್ನುವುದು, ನನ್ನ ಗಂಡ ಗಲ್ಲಾದಿಂದ ತಲೆಯೆತ್ತದೆ "ಜರೂರ್ ಆಯೇಂಗೆ" ಎನ್ನುವುದು ರೂಢಿ. ಹೀಗೆ ದೇಶದ ಎಲ್ಲ ರಾಜ್ಯಕ್ಕೂ ಬರುತ್ತೇನೆಂದು ಮಾತು ಕೊಟ್ಟವರು, ಕುಂದಾಪುರದ ದಾರಿ ಬಿಟ್ಟರೆ ಬೇರೆಲ್ಲಿಗೂ ಹೋದವರಲ್ಲ.

ಆ ಸಲ ನಿವೃತ್ತರಾಗಿ ಹೊರಟಿದ್ದವರು ಹಿಮಾಚಲದ ಒಬ್ಬ ಸುಬೇದಾರರು. ಮಾಘದಲ್ಲಿ ಮಗಳ ಮದುವೆ, ಬರಲೇಬೇಕು ಎಂದರು. ನಾನೂ ಅಲ್ಲೇ ನಿಂತಿದ್ದೆ. "ಭಾಭೀಜಿ, ಹಿಮ ನೋಡಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ. ನನ್ನ ಗಂಡ ಎಂದಿನಂತೆ "ಜರೂರ್ ಆಯೇಂಗೆ" ಅಂದರು.

"ಯಾವತ್ತು ಹೊರಡುವುದು?" ಅಂದೆ ನಾನು.

ಗಂಡ ತಲೆಯೆತ್ತಿದರು. "ಎಂತ, ನಿಜವಾಗಿ ಹೋಗುವುದಾ?" ಅಂದರು, ಸುಬೇದಾರರಿಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ.

ಸುಬೇದಾರರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಮುಖ ಓದಲು ಬರುತ್ತಿತ್ತು. "ಸಚ್‌ಮುಚ್!" ಅಂದರು, ನಿಜವಾಗಿಯೇ ಎಂದು.

ಸ್ವೆಟರು

ಚಳಿಗಾಲ ಬಂತೆಂದರೆ ಪುಣೆಯ ಫುಟ್‌ಪಾತಿನಲ್ಲಿ ಟಿಬೆಟಿನ ಹೆಂಗಸರು ಸ್ವೆಟರುಗಳ ಅಂಗಡಿ ಹಾಕುತ್ತಾರೆ. ನಮ್ಮವರು ಎಲ್ಲಕ್ಕಿಂತ ದಪ್ಪದ್ದನ್ನು ಆರಿಸಿ, ಮಧ್ಯಾಹ್ನದ ಬಿಸಿಲಲ್ಲಿ ತೊಟ್ಟು, "ಇದರಲ್ಲಿ ಭಯಂಕರ ಸೆಕೆ" ಎಂದು ತಕರಾರು ತೆಗೆದರು.

ಯಾವ ಊರಿಗೆ ಹೊರಟಿದ್ದೀರಿ ಎಂದು ಅಂಗಡಿಯಾಕೆ ಕೇಳಿದಳು. ಹಿಮಾಚಲಕ್ಕೆ ಎಂದೆವು. "ನಾವಿರುವುದೂ ಅಲ್ಲೇ!" ಎಂದು ನಕ್ಕಳು.

ನಮ್ಮವರಿಗೆ ಖುಷಿಯಾಯಿತು. "ಈಗ ಅಲ್ಲಿ ಚಳಿ ಹೇಗುಂಟು?"

"ಗೊತ್ತಿಲ್ಲ ಸಾಬ್. ಚಳಿ ಶುರುವಾದ ಕೂಡಲೇ ನಾವು ಇಲ್ಲಿಗೆ ಓಡಿ ಬರುತ್ತೇವೆ."

ದಾರಿಯುದ್ದಕ್ಕೂ ಅವರದು ಅದೇ ರಾಗ: "ನೋಡಿದೆಯಾ ಮಾರಾಯ್ತಿ, ಅಲ್ಲಿಯವರೆಲ್ಲ ಇಲ್ಲಿ ಬಂದು ಕೂತಿದ್ದಾರೆ. ನಾವು ಹೋದರೆ ಬಾಗಿಲು ತೆಗೆಯುವವರು ಯಾರು?"

ಹಿಟ್ಟು

ಮುಂದಿನ ಚಿಂತೆ ಊಟದ್ದು. ರೊಟ್ಟಿ ತಿಂದು ತನಗೆ ಆಗುವುದಿಲ್ಲ, ಇಡ್ಲಿ ರವೆ, ಉದ್ದಿನ ಹಿಟ್ಟು ಒಯ್ದು ಅಲ್ಲೇ ಕಲಸಿಡುವ ಎಂದರು. ಆ ಚಳಿಯಲ್ಲಿ ಹಿಟ್ಟು ಹುಳಿ ಬಂದೀತೇ? ನಮ್ಮ ಅಡಿಗೆಯ ಭಟ್ಟರನ್ನು ಕೇಳಿದರು. ಭಟ್ಟರು ನಾನು ಈ ಮನೆಗೆ ಬರುವುದಕ್ಕೂ ಮೊದಲಿನಿಂದ ಇದ್ದವರು.

ಭಟ್ಟರು ಬಹಳ ಹೊತ್ತು ಯೋಚಿಸಿದರು. "ಹಾಗೇ ಇಟ್ಟರೆ ಉಬ್ಬುವುದಿಲ್ಲ. ಪಾತ್ರೆಯನ್ನು ಕಂಬಳಿಯೊಳಗೆ, ನಿಮ್ಮಿಬ್ಬರ ನಡುವೆ ಇಟ್ಟುಕೊಂಡು ಮಲಗಬೇಕು."

ನಮ್ಮವರು ತಲೆಯಾಡಿಸಿ, ಯಾವ ಪಾತ್ರೆ ಆದೀತು ಎಂದು ಕಪಾಟಿನತ್ತ ನೋಡತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಭಟ್ರೇ, ಮದುವೆಯಾದಂದಿನಿಂದ ನಮ್ಮಿಬ್ಬರ ನಡುವೆ ಈ ಹೋಟೆಲು ಮಲಗಿದೆ. ಒಮ್ಮೆಯಾದರೂ ಅದನ್ನು ಇಲ್ಲೇ ಬಿಟ್ಟು ಹೋಗುವ ಅಂತ ನಾನು ಹೊರಟದ್ದು."

ನಮ್ಮವರು ಕಪಾಟಿನಿಂದ ಕಣ್ಣು ತೆಗೆದರು. ಭಟ್ಟರು ಮೆಲ್ಲಗೆ ಅಂದರು: "ಹಾಗಾದರೆ ಅವಲಕ್ಕಿ ಒಯ್ಯಿರಿ."

ತಾಲೀಮು

ಆದರೂ ಟಿಕೆಟು ತೆಗೆಯಲು ನಮ್ಮವರಿಗೆ ಮನಸ್ಸಿಲ್ಲ. ಒಂದು ದಿನ ಮೊಣಕಾಲಿನ ನೆಪ, ಇನ್ನೊಂದು ದಿನ ಘಾಟಿನ ರಸ್ತೆಯದು. "ಒಂದು ದಿನ ಭಟ್ಟರನ್ನು ಗಲ್ಲಾದಲ್ಲಿ ಕೂರಿಸಿ ನೋಡಿ" ಅಂದೆ. ಒಪ್ಪಿದರು. ಆದರೆ ಮನೆಯಲ್ಲಿ ಕೂತರೇ? ಎದುರಿನ ಕ್ಷೌರದಂಗಡಿಯಲ್ಲಿ ಪೇಪರು ಅಡ್ಡ ಹಿಡಿದು ನಮ್ಮ ಹೋಟೆಲನ್ನೇ ನೋಡುತ್ತ ಕೂತರು. ಸುಮ್ಮನೆ ಕೂತವರನ್ನು ಕ್ಷೌರಿಕ ಬಿಡುತ್ತಾನೆಯೇ? ಮಧ್ಯಾಹ್ನ ಮನೆಗೆ ಬಂದಾಗ ಹೊಸದಾಗಿ ಮಿಲಿಟರಿ ಸೇರಿದವರ ತಲೆಯಾಗಿತ್ತು.

ಊಟ ಸೇರಲಿಲ್ಲ. "ಭಟ್ಟರು ಏನಾದರೂ ಎಡವಟ್ಟು ಮಾಡಿದರಾ?" ಎಂದು ಕೇಳಿದೆ.

"ಇಲ್ಲ."

"ಜನ ಬರಲಿಲ್ಲವಾ?"

"ತುಂಬಿತ್ತು." ತಟ್ಟೆ ಪಕ್ಕಕ್ಕೆ ಸರಿಸಿ ಅಂದರು, "ನಾನೆಲ್ಲಿ ಅಂತ ಒಬ್ಬನೂ ಕೇಳಲಿಲ್ಲ ಮಾರಾಯ್ತಿ."

ಆ ತಲೆ ನೋಡಿ ನಗಬೇಕೆಂದಿದ್ದೆ, ಆಗಲಿಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಲೋಟ ತೊಳೆಯಲು ಈ ಊರಿಗೆ ಬಂದು, ಮುಂದೆ ತಮ್ಮದೇ ಅಂತ ಒಂದು ಕುರ್ಚಿ ಮಾಡಿಕೊಂಡವರು. ಅವರು ಹೆದರಿದ್ದು ಚಳಿಗೆ ಅಲ್ಲ ಎಂದು ನನಗೆ ತಿಳಿದದ್ದು ಆಗಲೇ.

ಮೆಲ್ಲಗೆ ಕೆಳಗಿಳಿದು ಭಟ್ಟರಿಗೆ ವಿಷಯ ಹೇಳಿದೆ. "ನನಗೆ ಬಿಡಿ" ಅಂದರು. ಸಂಜೆ ಮೇಲೆ ಬಂದವರೇ, "ಧಣಿಗಳೇ, ನೀವಿಲ್ಲದೆ ಎಲ್ಲ ಹಾಳಾಯಿತು. ಸಾಂಬಾರು ಹಳಸಿತು, ಗಿರಾಕಿಗಳು ಬೈದರು!" ಎಂದು ಗೋಳಾಡಿದರು.

ನಮ್ಮವರ ಮುಖ ಅರಳಿತು. "ಹೌದಾ? ಹಾಗಾದರೆ ನಾನು ಹೋಗುವ ಹಾಗೇ ಇಲ್ಲ!"

ನಾನು ಬಾಗಿಲ ಸಂದಿಯಿಂದ ಭಟ್ಟರನ್ನು ದುರುಗುಟ್ಟಿ ನೋಡಿದೆ. ಅವರು ಕೂಡಲೇ ರಾಗ ಬದಲಿಸಿದರು. "ಅಷ್ಟೇನೂ ಹಾಳಾಗಲಿಲ್ಲ. ಒಂದು ಹತ್ತು ದಿನ ಹೇಗಾದರೂ ತಳ್ಳಬಹುದು. ಅದರ ಮೇಲೆ ನನ್ನಿಂದಾಗದು, ನೀವೇ ಬರಬೇಕು."

ಮರುದಿನವೇ ಟಿಕೆಟು ಬಂತು. ಸಾಂಬಾರು ಹಳಸಿದ್ದಕ್ಕೆ ಅಷ್ಟು ಸಂತೋಷಪಟ್ಟ ಹೋಟೆಲಿನವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಫೋನು

ರೈಲು, ಆಮೇಲೆ ದಿನವಿಡೀ ಬಸ್ಸು. ಸುಬೇದಾರರ ಹಳ್ಳಿಯಲ್ಲಿ ಬೆಳಿಗ್ಗೆ ಎದ್ದು ಕದ ತೆರೆದರೆ ಮಾಡಿನ ಮೇಲೆ, ಸೇಬಿನ ಗಿಡಗಳ ಮೇಲೆ, ಹುಲ್ಲಿನ ಮೆದೆಯ ಮೇಲೆ ಹಿಮ ಬಿದ್ದಿತ್ತು. ಒಂದು ಸದ್ದಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ನಮ್ಮವರು ಬಂದು ಪಕ್ಕದಲ್ಲಿ ನಿಂತರು. ಏನಾದರೂ ಒಳ್ಳೆಯ ಮಾತು ಹೇಳುತ್ತಾರೆಂದು ಕಾದೆ.

"ಇಲ್ಲಿ ಫೋನು ಎಲ್ಲುಂಟು?" ಅಂದರು.

ಕಾಲು ಹೂತುಹೋಗುವ ಹಿಮದಲ್ಲಿ ಬಸ್‌ಸ್ಟಾಂಡಿನ ಎಸ್‌ಟಿಡಿ ಬೂತಿಗೆ ಹೋದೆವು. ಭಟ್ಟರು ಫೋನಿನಲ್ಲಿ ಮಾತಾಡುವುದೇ ಕೂಗಿ. ಬೂತಿನ ಹೊರಗೆ ನಿಂತ ನನಗೂ ಕೇಳಿಸುತ್ತಿತ್ತು. ಹೋಟೆಲಿನಲ್ಲಿ ಅದು ನಾಷ್ಟಾದ ಗದ್ದಲದ ಹೊತ್ತು ಬೇರೆ.

"ಹಲೋ, ಯಾರು?"

"ನಾನು!"

"ನಾನು ಅಂದರೆ ಯಾರು?"

"ನಾನು ಮಾರಾಯ್ರೇ, ಮಾಲಿಕ! ಮಾಲಿಕ!"

"ಮಾಲಿಕರು ಇಲ್ಲ! ಹೆಂಡತಿ ಜೊತೆ ಹಿಮಾಚಲಕ್ಕೆ ಹೋಗಿದ್ದಾರೆ. ಬಂದ ಮೇಲೆ ಮಾಡಿ!" ಟಕ್ಕೆಂದು ಫೋನು ಇಟ್ಟರು.

ನಮ್ಮವರು ರಿಸೀವರನ್ನೇ ನೋಡುತ್ತ ನಿಂತರು. ಇನ್ನೊಮ್ಮೆ ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ. ಹೊರಗೆ ಬಂದು, ಕಿವಿಗೆ ಮಫ್ಲರು ಸುತ್ತಿಕೊಂಡು, ಎದುರಿನ ಬೆಟ್ಟವನ್ನು ಮೊದಲ ಸಲ ಕಣ್ಣು ತುಂಬಾ ನೋಡಿದರು.

"ಮಾಲಿಕರು ಊರಲ್ಲಿ ಇಲ್ಲವಂತೆ" ಅಂದರು.

"ಹೌದಾ? ಎಲ್ಲಿಗೆ ಹೋಗಿದ್ದಾರಂತೆ?"

"ಹಿಮಾಚಲಕ್ಕಂತೆ." ನಗು ತಡೆಯಲಾರದೆ ಅವರ ಹೊಟ್ಟೆ ಕುಣಿಯುತ್ತಿತ್ತು. "ಹೆಂಡತಿ ಜೊತೆ!"