ಕೂತವರ ಬೆಟ್ಟ

ಬೆಟ್ಟವನ್ನು ನೋಡುವ ಹಕ್ಕು ನಿಂತವರಿಗೂ ಕೂತವರಿಗೂ ಸಮಾನವಾಗಿ ಸೇರಿದ್ದೆಂದು ಗಿರಿವೀಕ್ಷಣಾ ಮಂಡಳಿಯು ಸರ್ವಾನುಮತದಿಂದ ತೀರ್ಮಾನಿಸಿ, ಎದುರಿನ ಗುಡ್ಡದ ನೆತ್ತಿಯ ಮೇಲೆ ವೀಕ್ಷಣಾ ಕಟ್ಟೆ ಕಟ್ಟಿಸಿ, ಅಲ್ಲಿಗೆ ಕೇಬಲ್ ಕಾರು ಹಾಕಿಸಿತು. ಕಾರಿನ ಬಾಗಿಲು ಗಾಲಿಕುರ್ಚಿ ಹೋಗುವಷ್ಟು ಅಗಲ. ಇಳಿಯುವಲ್ಲಿ ಮೆಟ್ಟಿಲಿಲ್ಲ, ಇಳಿಜಾರು. ಶೌಚಾಲಯದ ಹಿಡಿಕೆ ಗೋಡೆಗೆ ಗಟ್ಟಿಯಾಗಿ ಕೂತಿತ್ತೆಂಬುದನ್ನು ಮಂಡಳಿಯ ವಿರೋಧಿಗಳೂ ಒಪ್ಪುತ್ತಾರೆ.

ಮೊದಲ ವಾರ ಬಂದವರಲ್ಲಿ ಭೂಗೋಳದ ಟೀಚರೊಬ್ಬರಿದ್ದರು. ನಿವೃತ್ತರು, ಕಾಲು ಸೋತವರು. ಆ ಬೆಟ್ಟವನ್ನು ಕರಿಹಲಗೆಯ ಮೇಲೆ ಬರೆದೂ ಬರೆದೂ ಸೀಮೆಸುಣ್ಣ ಸವೆಸಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಅವರ ಗಾಲಿಕುರ್ಚಿ ತಳ್ಳುತ್ತಿದ್ದವಳು ತಂಗಿ. ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಅವಳದೇ ಕಾರುಬಾರು.

ಕೇಬಲ್ ಕಾರಿನ ಗಾಜಿಗೆಲ್ಲ 'ಬೆಟ್ಟ ನೋಡಲು ಬನ್ನಿ' ಎಂಬ ಜಾಹೀರಾತು ಅಂಟಿಸಿದ್ದರಿಂದ ದಾರಿಯಲ್ಲಿ ಏನೂ ಕಾಣಲಿಲ್ಲ.

"ಇರಲಿ ಬಿಡಕ್ಕ, ಮೇಲೆ ಕಣ್ತುಂಬ ನೋಡೋಣ," ಎಂದಳು ತಂಗಿ.

ಮೇಲೆ ಟೀಚರಿಗೆ ಕಣ್ತುಂಬ ಕಂಡದ್ದು ಸಿಮೆಂಟು. ತಡೆಗೋಡೆ ನಿಂತವರ ಎದೆಮಟ್ಟಕ್ಕಿತ್ತು. ಅವರು ಮೇಲ್ವಿಚಾರಕರನ್ನು ಕರೆದರು.

"ಇದನ್ನ ಸ್ವಲ್ಪ ತಗ್ಗಿಸಬಹುದಿತ್ತಲ್ಲಪ್ಪ?"

"ತಗ್ಗಿಸಿದ್ರೆ ನಿಂತವರು ಬೀಳ್ತಾರೆ ಮೇಡಂ."

"ಗಾಜು ಹಾಕಿ."

"ಕೂತವರಿಗೆ ತಲೆ ಸುತ್ತುತ್ತೆ ಅಂತ ಸಮಿತಿ ಬೇಡ ಅಂದಿದೆ."

"ಆ ಸಮಿತಿಯಲ್ಲಿ ಕೂತವರು ಯಾರಾದ್ರೂ ಇದ್ರಾ?"

"ಎಲ್ಲರೂ ಕೂತೇ ಇದ್ರು ಮೇಡಂ," ಎಂದರು ಮೇಲ್ವಿಚಾರಕರು, ಪ್ರಾಮಾಣಿಕವಾಗಿ.

ನಾನೇ ಅಕ್ಕನನ್ನು ಎತ್ತಿ ತೋರಿಸುತ್ತೇನೆಂದು ತಂಗಿ ಸೆರಗು ಸಿಕ್ಕಿಸಿದಳು. ಸಂದರ್ಶಕರು ಸಂದರ್ಶಕರನ್ನು ಎತ್ತತಕ್ಕದ್ದಲ್ಲ ಎಂಬ ನಿಯಮವನ್ನು ಕಾವಲುಗಾರ ಓದಿ ಹೇಳಿದ. ಕೆಳಗಿಳಿದದ್ದೇ ತಂಗಿ ಮಂಡಳಿಯ ಕಚೇರಿಗೆ ನುಗ್ಗಿ, ಹಾಸ್ಟೆಲಿನ ಊಟದ ಕೋಣೆಗೆಲ್ಲ ಕೇಳಿಸುವ ತನ್ನ ದನಿಯಲ್ಲಿ ದೂರು ಹೇಳಿದಳು.

ಮಂಡಳಿ ಬೆಚ್ಚಿತು, ಬೆಚ್ಚಿದ್ದರಿಂದ ಕೆಲಸ ಬೇಗ ಆಯಿತು. ಗೋಡೆಯ ಒಳಮೈಗೆ, ಕೂತವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಉದ್ದಕ್ಕೂ ಬೆಟ್ಟದ ಚಿತ್ರ ಬರೆಸಲಾಯಿತು. ಅದರ ಗುತ್ತಿಗೆ ಮಂಡಳಿಯ ಅಧ್ಯಕ್ಷರ ಅಳಿಯನಿಗೆ ಸಿಕ್ಕಿದ್ದು ಅವನ ಅರ್ಹತೆಯಿಂದ. ಅರ್ಜಿ ಹಾಕಿದವನು ಅವನೊಬ್ಬನೇ. ಉದ್ಘಾಟನೆಗೆ ಟೀಚರನ್ನೇ ಕರೆಸಿದರು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದಕ್ಕೆ ಎರಡು ಶಿಖರ ಇದೆ. ಈ ಬೆಟ್ಟಕ್ಕೆ ಇರೋದು ಒಂದೇ."

"ಹೆಚ್ಚಿನದು ಮಂಡಳಿಯ ಕೊಡುಗೆ ಮೇಡಂ," ಅಧ್ಯಕ್ಷರು ಕೈಮುಗಿದರು. "ಅದಕ್ಕೆ ಪ್ರತ್ಯೇಕ ಶುಲ್ಕ ಇಲ್ಲ."

ಚಪ್ಪಾಳೆ ಬಿತ್ತು.

ಆಮೇಲೆ ಮಂಜಿನ ಕಾಲ ಬಂತು. ನಿಂತವರಿಗೆ ಬಿಳಿಯ ಹೊಗೆಯ ಹೊರತು ಏನೂ ಕಾಣದು. ಕೂತವರ ಬೆಟ್ಟಕ್ಕೆ ಮಾತ್ರ ಸದಾ ಬಿಸಿಲು, ಅದೂ ಎರಡೆರಡು ಶಿಖರಕ್ಕೆ. ಇದು ತಾರತಮ್ಯವೆಂದು ನಿಂತವರು ಕೂಗಾಡಿದರು. ನ್ಯಾಯವಾದ ಬೇಡಿಕೆಯಾದ್ದರಿಂದ ಮಂಡಳಿ ಬಾಡಿಗೆಗೆ ಗಾಲಿಕುರ್ಚಿ ಇಟ್ಟಿತು. ಗಟ್ಟಿಮುಟ್ಟಾದ ಕುಟುಂಬಗಳು ಓಡಿಬಂದು ಕುರ್ಚಿ ಹಿಡಿದು, ಗೋಡೆಗೆ ಮುಖ ಮಾಡಿ ಸಾಲಾಗಿ ಕೂತು, "ಆಹಾ!" ಎನ್ನತೊಡಗಿದವು.

ಟೀಚರು ಮತ್ತೆ ಬಂದದ್ದು ಆಗಲೇ. ಡಾಕ್ಟರು ಇನ್ನು ಪ್ರಯಾಣ ಸಾಕೆಂದಿದ್ದರು. ಇದೊಂದು ಸಲ ಎಂದು ಹಟ ಹಿಡಿದು ಬಂದಿದ್ದರು. ಕಾವಲುಗಾರ ಅಡ್ಡ ಬಂದ.

"ಸ್ವಂತ ಕುರ್ಚಿ ತಂದವರಿಗೆ ಕೂತವರ ವಿಭಾಗದಲ್ಲಿ ಪ್ರವೇಶ ಇಲ್ಲಮ್ಮ. ನಿಂತವರ ವಿಭಾಗಕ್ಕೆ ಹೋಗಿ."

ನಿಂತವರಿಗೆಂದು ಬಿಟ್ಟ ಮೂಲೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ತಂಗಿ ಸುತ್ತ ನೋಡಿದಳು. ಎಲ್ಲರ ಕಣ್ಣೂ ಗೋಡೆಯ ಮೇಲೆ. ಕಾವಲುಗಾರನೂ ಖಾಲಿಯಾದ ಕುರ್ಚಿಯೊಂದರಲ್ಲಿ ಕೂತುಬಿಟ್ಟ. ಅವಳು ಬಗ್ಗಿ, ಅನ್ನದ ಹಂಡೆ ಇಳಿಸುವ ತೋಳುಗಳಿಂದ ಅಕ್ಕನನ್ನು ಎದೆಗವಚಿ ಎತ್ತಿದಳು.

"ಏನೂ ಕಾಣಲ್ವೇ," ಎಂದರು ಟೀಚರು.

"ತಡಿ. ನಂಗೇನೂ ಭಾರ ಇಲ್ಲ."

ಗಾಳಿ ಬೀಸಿತು. ಮಂಜು ಪರದೆಯಂತೆ ಸರಿದು, ಬೆಟ್ಟ ಬುಡದಿಂದ ನೆತ್ತಿಯವರೆಗೆ ಎದ್ದು ನಿಂತಿತು. ಟೀಚರು ಗಾಳಿಯಲ್ಲೇ ಬೆರಳಾಡಿಸಿ ಅದರ ಗೆರೆ ಎಳೆದರು.

"ಎಡಗಡೆ ಇಳಿಜಾರು ನಾನು ಬರೆದಷ್ಟು ಕಡಿದಾಗಿಲ್ಲ ಕಣೇ. ಮಕ್ಕಳಿಗೆಲ್ಲ ತಪ್ಪು ಹೇಳಿಕೊಟ್ಟೆ," ಎಂದು ನಕ್ಕರು. ಕಣ್ಣು ಒದ್ದೆಯಾಗಿತ್ತು.

ಕೂತವರಲ್ಲಿ ಒಬ್ಬರು ತಿರುಗಿ ನೋಡಿದರು. ಮರುಕದ ಮನುಷ್ಯ, ಬ್ಯಾಂಕಿನಲ್ಲಿದ್ದವರು, ದಿನಾ ಬೆಳಗ್ಗೆ ಓಡುವವರು. ಪಾಪ, ಸೀಟು ಸಿಗದೆ ಈ ಹೆಂಗಸು ಅಷ್ಟು ಎತ್ತರದಲ್ಲಿ ಒದ್ದಾಡುತ್ತಿದ್ದಾರಲ್ಲ ಎಂದು ಅವರಿಗೆ ಕರುಳು ಚುರ್ರೆಂದಿತು. ಗಾಲಿಕುರ್ಚಿಯಿಂದ ತಟ್ಟನೆ ಎದ್ದು ನಿಂತರು.

"ಬನ್ನಿಮ್ಮ, ಇಲ್ಲಿ ಕೂತು ಬೆಟ್ಟ ನೋಡಿ. ನಾನು ಹೇಗೋ ನಿಂತ್ಕೋತೀನಿ."

ಈ ತ್ಯಾಗಕ್ಕಾಗಿ ಮಂಡಳಿಯು ಅದೇ ಸಂಜೆ ಅವರನ್ನು ಸನ್ಮಾನಿಸಿತು. ಸಭಿಕರೆಲ್ಲ ಕೂತಲ್ಲಿಂದಲೇ ಅಭಿನಂದಿಸಿದರು.