ನೀರು ತೆಗೆದ ಲೆಕ್ಕ

ನನ್ನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ಸಣ್ಣಗೆ ಕೆಮ್ಮುತ್ತೇನೆ. ಯೋಚಿಸಲು ಸ್ವಲ್ಪ ಸಮಯ ಸಿಗಲಿ ಎಂದು. ಗಣಕ ರಸಾಯನಶಾಸ್ತ್ರ ಎಂದರೆ ಜನ ನನ್ನನ್ನು ಸಂಸ್ಕೃತ ಪಂಡಿತ ಎಂದುಕೊಳ್ಳುತ್ತಾರೆ. ಕಂಪ್ಯೂಟೇಷನಲ್ ಕೆಮಿಸ್ಟ್ರಿ ಎಂದರೆ, "ಎರಡರಲ್ಲಿ ನಿಮ್ದು ಯಾವ್ದು ಸಾರ್?" ಎನ್ನುತ್ತಾರೆ. ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯ ನೆಂಟರಿಗೆ ಹೋಳಿಗೆಯಿಂದ ಮಜ್ಜಿಗೆಯ ತನಕ ವಿವರಿಸಿದ್ದೆ: ಔಷಧಿಯನ್ನು ತಯಾರಿಸುವ ಮುಂಚೆ ಅದರ ಅಣು ಮೈಯೊಳಗೆ ಎಲ್ಲಿ ಹೋಗಿ ಕೂರುತ್ತದೆ, ಗಟ್ಟಿಯಾಗಿ ಕೂರುತ್ತದೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಮ್ಮ ಕೆಲಸ. ಅವರು ಎಲ್ಲವನ್ನೂ ಕೇಳಿ, ಕೈ ನೆಕ್ಕಿಕೊಂಡು, "ಮೆಡಿಕಲ್ ಶಾಪಲ್ಲಿ ಬಿಲ್ ಹಾಕೋದು ಅನ್ನಿ" ಎಂದರು. ಎದುರು ಸಾಲಿನಲ್ಲಿದ್ದ ನನ್ನ ಹೆಂಡತಿ ಸುಮಿತ್ರಾ ನಕ್ಕು ನಕ್ಕು ನೆತ್ತಿ ಹತ್ತಿಸಿಕೊಂಡಳು. ಆ ನಗು ಈಗ ನಮ್ಮ ಮನೆಯಲ್ಲಿಲ್ಲ. ಹೋದ ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ.

ಸುಮಿತ್ರಾ ಚಂದಾಪುರದ ಆಚೆ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದಳು. ನೆಂಟರಿಷ್ಟರಲ್ಲಿ ನನ್ನ ಕೆಲಸ ಅರ್ಥವಾಗಿದ್ದವಳು ಅವಳೊಬ್ಬಳೇ. ಸಂಜೆ ಅವಳು ಸಾರಿಗೆ ಒಗ್ಗರಣೆ ಹಾಕುವಾಗ ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಆಫೀಸಿನ ಕಥೆ ಹೇಳುತ್ತಿದ್ದೆ. ಹಾಗೇ ಒಮ್ಮೆ, ಲೆಕ್ಕ ಹಗುರಾಗಲಿ ಎಂದು ನಾವು ಪ್ರೋಟೀನಿನ ಸುತ್ತ ಇರುವ ನೀರಿನ ಅಣುಗಳನ್ನೆಲ್ಲ ಮೊದಲೇ ಅಳಿಸಿಬಿಡುತ್ತೇವೆ, ಆಮೇಲೆ ಔಷಧಿಯನ್ನು ತಂದು ಕೂರಿಸುತ್ತೇವೆ ಎಂದುಬಿಟ್ಟೆ. ಸೌಟು ಅಲ್ಲೇ ನಿಂತಿತು. "ಏನ್ರೀ, ಮೈಯಲ್ಲಿ ನೀರಿಲ್ದೆ ಇರೋ ಜಾಗ ಎಲ್ಲಿದೆ? ಒಂದ್ಸಲ ನೀರು ಹಾಕಿ ನೋಡ್ರೀ. ಲೆಕ್ಕ ಬೇರೇನೇ ಬರುತ್ತೆ." ಎಲ್ಲರೂ ಮಾಡುವುದೇ ಹೀಗೆ, ನಿನಗೆ ಗೊತ್ತಾಗಲ್ಲ ಸುಮ್ಮನಿರು ಎಂದೆ. ಅವಳು ಸುಮ್ಮನಿರುವ ಜಾತಿಯಲ್ಲ. ಮುಂದೆ ನಾನು ಸಾರು ತೆಳ್ಳಗಾಯಿತು ಎಂದಾಗಲೆಲ್ಲ, "ನೀರು ತೆಗ್ದು ತಿನ್ನಿ, ನಿಮ್ಗೆ ಅಭ್ಯಾಸ ಇದೆಯಲ್ಲ" ಎನ್ನುತ್ತಿದ್ದಳು.

ತನ್ನ ಶಾಲೆಯ ಮಕ್ಕಳನ್ನು ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿಗೆ ಕರೆತರಬೇಕೆಂಬುದು ಅವಳ ಆಸೆ. ಕಂಪನಿಯ ಅನುಮತಿ ಬರುವಷ್ಟರಲ್ಲಿ ಅವಳೇ ಇರಲಿಲ್ಲ. ಹೊಸ ವಿಜ್ಞಾನದ ಮೇಷ್ಟ್ರು ಮಂಜುನಾಥ್ ಫೋನ್ ಮಾಡಿ, "ಮೇಡಂ ಆಸೆ ಸಾರ್, ನಾನೇ ಕರ್ಕೊಂಡ್ಬರ್ತೀನಿ" ಎಂದಾಗ ಹೂಂ ಎಂದೆ. ಅಳಬಾರದು, ಅವಳ ಮಾತೇ ಎತ್ತಬಾರದು ಎಂದು ಆಗಲೇ ತೀರ್ಮಾನಿಸಿದ್ದೆ. ಮಕ್ಕಳ ಎದುರು ಅತ್ತರೆ ಮಾನ ಹೋಗುವುದಷ್ಟೇ ಅಲ್ಲ, ಒಮ್ಮೆ ಶುರುವಾದರೆ ನಿಲ್ಲುತ್ತದೆಂಬ ಭರವಸೆ ನನಗಿರಲಿಲ್ಲ.

ಅವರು ಬಂದ ಶುಕ್ರವಾರ ಗೇಟಿನಲ್ಲಿ ಸೆಕ್ಯೂರಿಟಿಯವರು ಮೇಷ್ಟ್ರ ಮೊಬೈಲಿನ ಕ್ಯಾಮೆರಾಕ್ಕೆ ಸ್ಟಿಕರ್ ಅಂಟಿಸುತ್ತಿದ್ದಾಗ ಮೇಷ್ಟ್ರು ನನ್ನ ಕಿವಿಯಲ್ಲಿ, "ಮಕ್ಳಿಗೆಲ್ಲ ಹೇಳಿದೀನಿ ಸಾರ್. ಮೇಡಂ ವಿಷಯ ಯಾರೂ ಬಾಯಿ ಬಿಡಲ್ಲ" ಎಂದರು. ಆಗ ತಿಳಿಯಿತು, ಅವು ಯಾಕೆ ಸಾವಿನ ಮನೆಗೆ ಬಂದವರ ಹಾಗೆ ತಲೆ ತಗ್ಗಿಸಿ ಸಾಲಾಗಿ ನಿಂತಿವೆ ಎಂದು. ಒಳಗೆ ಫೋಟೋಗಾಗಿ ಎಲ್ಲರಿಗೂ ಬಿಳಿ ಕೋಟು ತೊಡಿಸಿದರು. ನಮ್ಮ ವಿಭಾಗದಲ್ಲಿ ಮೈಮೇಲೆ ಚೆಲ್ಲುವಂಥದ್ದು ಕಾಫಿ ಮಾತ್ರ. ಹೊಗೆ, ಬಣ್ಣ, ಢಂ ಎನ್ನುವ ಸದ್ದು ನಿರೀಕ್ಷಿಸಿದ್ದ ಮಕ್ಕಳು ಕಂಪ್ಯೂಟರುಗಳನ್ನು ನೋಡಿ ಮುಖ ಮುಖ ನೋಡಿಕೊಂಡವು. "ಸಾರ್, ಕೆಮಿಸ್ಟ್ರಿ ಎಲ್ಲಿ?" ಎಂದು ಒಬ್ಬ ಕೇಳಿಯೇಬಿಟ್ಟ.

ನಾನು ಪರದೆಯ ಮೇಲೆ ಒಂದು ಪ್ರೋಟೀನು ತೋರಿಸಿದೆ. ಅದರಲ್ಲೊಂದು ಹಳ್ಳ, ಆ ಹಳ್ಳಕ್ಕೆ ಔಷಧಿಯ ಅಣು. ಅದನ್ನು ತಿರುಗಿಸಿ ಮುರುಗಿಸಿ ಕೂರಿಸಿ, ಗಟ್ಟಿಯಾಗಿ ಕೂರುತ್ತಿಲ್ಲ, ಆದ್ದರಿಂದ ಇದನ್ನು ಕೈಬಿಟ್ಟೆವು ಎಂದೆ. ಮುಂದಿನ ಸಾಲಿನಲ್ಲಿದ್ದ ಭವ್ಯ ಎಂಬ ಹುಡುಗಿ ಎದ್ದು ನಿಂತಳು.

"ಸಾರ್, ನೀರೆಲ್ಲಿ?"

"ತೆಗೆದಿದೀವಮ್ಮ."

"ಅಂಗಂತ ಮಿಸ್ಸು ಯೋಳಿದ್ರು ಸಾರ್, ನಮ್ಮನೇವ್ರು ನೀರ್ ತೆಗ್ದಾಕ್ತಾರೆ ಅಂತ!" ಎಂದವಳು ತಟ್ಟನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿಬಿಟ್ಟಿತು. ಮೇಷ್ಟ್ರು ಅವಳನ್ನು ನುಂಗುವ ಹಾಗೆ ನೋಡಿದರು.

ಲೆಕ್ಕ ಹಗುರಾಗಲಿ ಎಂದು ನಾವೆಲ್ಲ ಸೇರಿ ಸುಮಿತ್ರಾಳನ್ನೂ ಅಳಿಸಿ ಕೂತಿದ್ದೆವು. ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ ಮಾತು ಬಂತು. "ಇನ್ನೇನೇನು ಹೇಳ್ತಿದ್ರಮ್ಮ ನಿಮ್ಮ ಮಿಸ್ಸು?"

ಅಷ್ಟೇ, ಕಟ್ಟೆ ಒಡೆಯಿತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಹಾಗೆ ಎಲ್ಲರೂ ಶುರು ಮಾಡಿದರು. ಮಿಸ್ಸು ಕೆಲವರನ್ನು ಕೈ ಕೈ ಹಿಡಿಸಿ ಪ್ರೋಟೀನು ಮಾಡುತ್ತಿದ್ದರಂತೆ. ಒಬ್ಬ ಔಷಧಿಯಾಗಿ ಒಳಗೆ ನುಗ್ಗಬೇಕು, ಉಳಿದವರೆಲ್ಲ ನೀರಾಗಿ ಸುತ್ತ ಓಡಬೇಕು. "ನಾನ್ ಯಾವಾಗ್ಲೂ ನೀರೇ ಸಾರ್" ಎಂದಳು ಭವ್ಯ, ಮೂಗೊರೆಸಿಕೊಂಡು. ನಾನು ನಿದ್ದೆಯಲ್ಲಿ ಅಣುಗಳ ಹೆಸರು ಕನವರಿಸುತ್ತೇನೆಂಬುದೂ, ತೆಳ್ಳಗಿನ ಸಾರು ನನಗಾಗದೆಂಬುದೂ ಆ ತರಗತಿಗೆ ಗೊತ್ತಿತ್ತು. "ನಮ್ಮನೇವ್ರು ಬಲೇ ಬುದ್ವಂತ್ರು, ಆದ್ರೆ ಗ್ಯಾಸ್ ಅಚ್ಚಾಕೆ ಬರಾಕಿಲ್ಲ ಅಂತಿದ್ರು ಸಾರ್" ಎಂದಿತು ಹಿಂದಿನ ಒಂದು ದನಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ಭವ್ಯ ಮೆಲ್ಲಗೆ ಕೇಳಿದಳು.

"ಈಗ ಬರುತ್ತಾ ಸಾರ್?"

"ಬರುತ್ತಮ್ಮ" ಎಂದೆ. ಆಮೇಲೆ ನಾನು ಅತ್ತೆ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು. ಮಾನ ಹೋಗಲಿಲ್ಲ, ಅಳು ನಿಲ್ಲದೆಯೂ ಇರಲಿಲ್ಲ. ನಿಲ್ಲುವ ಹೊತ್ತಿಗೆ ಎಲ್ಲರೂ ಒಂದೇ ಹಟ ಹಿಡಿದಿದ್ದರು: "ನೀರ್ ಹಾಕಿ ಸಾರ್, ನೋಡಾನ!" ಹಾಕಿದೆ. ಲೆಕ್ಕ ಮುಗಿಯಲು ತಡವಾಗುತ್ತದೆ ಎಂದಾಗ ಬೇಜಾರಿನಿಂದಲೇ ಸಮೋಸ ತಿಂದು ಬಸ್ಸು ಹತ್ತಿದರು.

ಸೋಮವಾರ ಫಲಿತಾಂಶ ತೆರೆದೆ. ನಾವು ಕೈಬಿಟ್ಟಿದ್ದ ಅದೇ ಅಣು ಹಳ್ಳದಲ್ಲಿ ಭದ್ರವಾಗಿ ಕೂತಿತ್ತು. ಅದಕ್ಕೂ ಪ್ರೋಟೀನಿಗೂ ನಡುವೆ ಒಂದೇ ಒಂದು ನೀರಿನ ಅಣು ನಿಂತು, ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಇದನ್ನೂ ಹಿಡಿದುಕೊಂಡಿತ್ತು. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ; ಹಿಂದಿನಿಂದ ಇಡೀ ತರಗತಿ ಹೋ ಎಂದು ಕೂಗಿದ್ದು ಕೇಳಿಸಿತು. ಆದರೆ ಈ ಸುದ್ದಿ ಮೊದಲು ಸೇರಬೇಕಾದ ಜಾಗ ಬೇರೆಯೇ ಇತ್ತು.

ಸಂಜೆ ಮನೆಗೆ ಬಂದು, ಗ್ಯಾಸ್ ಹಚ್ಚಿ ಸಾರಿಗಿಟ್ಟೆ. ಹಳೇ ಅಭ್ಯಾಸದಂತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. "ನೀನು ಹೇಳಿದ್ದೇ ಸರಿ ಕಣೇ" ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲು. ಅವಳಿದ್ದಿದ್ದರೆ ಬೀದಿಯವರನ್ನೆಲ್ಲ ಕರೆದು ಇನ್ನೊಮ್ಮೆ ಹೇಳಿಸುತ್ತಿದ್ದಳು. ಯಾರೂ ಕರೆಯದಿದ್ದರೂ ನಾನೇ ಇನ್ನೊಮ್ಮೆ ಹೇಳಿದೆ. ಆಮೇಲೆ ಸಾರಿಗೆ ಒಂದು ಲೋಟ ನೀರು ಜಾಸ್ತಿಯೇ ಹಾಕಿದೆ. ತೆಳ್ಳಗಾಯಿತು. ಪೂರಾ ಉಂಡೆ.