ಷಡ್ಡಕನ ಫೋಲ್ಡರು

ಷಡ್ಡಕನ ಕಂಪ್ಯೂಟರಿನಲ್ಲಿ ಫೈಲುಗಳು ತಾವಾಗಿಯೇ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ ಎಂಬ ಸುದ್ದಿ ಭಾವಯ್ಯನಿಗೆ ತಲುಪಿದ್ದು ಹೆಂಡತಿಯ ಬಾಯಿಂದ, ಅದೂ ಬೆಳಗಿನ ಕಾಫಿಯ ಜೊತೆಗೆ.

"ಅದೇನೋ ಸಾಫ್ಟ್‌ವೇರ್ ಹಾಕ್ಕೊಂಡಿದ್ದಾರಂತೆ. ಹುಡುಕಾಟಾನೇ ಇಲ್ವಂತೆ. ತಂಗಿ ಗಂಡ ಹೊತ್ತಿಗೆ ಮುಂಚೆ ಮನೆಗೆ ಬಂದು ಮಗೂನ ಆಡಿಸ್ತಾರೆ. ನೀವೂ ಇದ್ದೀರಿ."

ಕಾಫಿ ಕಹಿಯಾಯಿತು.

ಇಬ್ಬರಿಗೂ ಕೆಲಸ ಒಂದೇ ಕಡೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಡುವ ಸ್ಟುಡಿಯೋ, ಅಕ್ಕಪಕ್ಕದ ಮೇಜು. ಷಡ್ಡಕ 'ಭಾವ, ಭಾವ' ಎಂದು ಕರೆದೂ ಕರೆದೂ ಅವನು ಇಡೀ ಆಫೀಸಿಗೇ ಭಾವಯ್ಯನಾಗಿಬಿಟ್ಟಿದ್ದ. ಯಜಮಾನರು ಹಾದುಹೋಗುವಾಗಲೆಲ್ಲ ಷಡ್ಡಕನ ಬೆನ್ನು ತಟ್ಟುತ್ತಿದ್ದರು. ಪೆಟ್ಟು ಬೀಳುತ್ತಿದ್ದದ್ದು ಭಾವಯ್ಯನ ಎದೆಗೆ. ಅವತ್ತು ಸಂಜೆ ಹೊಸ ಪುಸ್ತಕದ ಮುಖಪುಟಕ್ಕೆ ಚಿತ್ರ ಆರಿಸುವುದಿತ್ತು. ಗೆದ್ದವನ ಹೆಸರು ಮುಖಪುಟದ ಮೇಲೇ ಅಚ್ಚಾಗುತ್ತದೆ. ಇಷ್ಟು ವರ್ಷ ದುಡಿದರೂ ಭಾವಯ್ಯನ ಹೆಸರು ಒಳಪುಟ ದಾಟಿ ಹೊರಗೆ ಬಂದಿರಲಿಲ್ಲ.

ಮುಖಪುಟಕ್ಕೆಂದೇ ಅವನು ಬರೆದಿಟ್ಟಿದ್ದ ಮಂಗ ಬೆಳಗಿನಿಂದ ನಾಪತ್ತೆ. ಕಾಳಿನ ಚೀಲ ಒಡೆದಂತೆ ಪರದೆ ತುಂಬ ಫೈಲುಗಳು. ಮಂಗನ ಬಾಲ ನಾಲ್ಕಾರು ಕಡೆ ಸಿಕ್ಕಿತು, ಮಂಗ ಮಾತ್ರ ಸಿಗಲಿಲ್ಲ.

"ಏನು ಹುಡುಕ್ತಿದ್ದೀರಿ ಭಾವ? ನಾನು ನೋಡ್ಲಾ?"

"ನಿನ್ನ ಕೆಲಸ ನೀನು ನೋಡ್ಕೊಳಪ್ಪ."

ಹೊಟ್ಟೆ ಉರಿ ತಡೆಯಲಾರದೆ ಭಾವಯ್ಯ, ಯಾರಿಗೂ ತೋರಿಸಲಿಕ್ಕಲ್ಲ, ತನ್ನ ಸಮಾಧಾನಕ್ಕೆಂದು ಹೊಸ ಚಿತ್ರವೊಂದನ್ನು ಬರೆದ. ದಢೂತಿ ನೀರಾನೆಯೊಂದು ನರಿಯ ಬೆನ್ನು ತಟ್ಟುತ್ತಿದೆ. ನೀರಾನೆಗೆ ಯಜಮಾನರ ಜೋಲುಗೆನ್ನೆ, ನರಿಗೆ ಷಡ್ಡಕನ ಓರೆನಗು. ಕರಡು ಮುಗಿಸಿ ಬಣ್ಣವನ್ನೂ ತುಂಬಿದ ಮೇಲೆ ಮನಸ್ಸು ಕೊಂಚ ಹಗುರವಾಯಿತು.

ಷಡ್ಡಕ ಊಟಕ್ಕೆ ಎದ್ದದ್ದೇ ತಡ, ಭಾವಯ್ಯ ಅವನ ಕುರ್ಚಿಯಲ್ಲಿದ್ದ. ಸಾಫ್ಟ್‌ವೇರಿನಲ್ಲಿ ನಿಯಮಗಳನ್ನು ಬರೆದಿಡಲಾಗಿತ್ತು. ಕರಡು ಚಿತ್ರ ಆಫೀಸಿನ ಸರ್ವರಿನಲ್ಲಿರುವ ಈ ಫೋಲ್ಡರಿಗೆ, ಬಣ್ಣದ್ದು ಆ ಫೋಲ್ಡರಿಗೆ, ಬಣ್ಣದ್ದರ ಪ್ರತಿ ನೇರವಾಗಿ ಯಜಮಾನರಿಗೆ. ಅಷ್ಟನ್ನೂ ಸಾಫ್ಟ್‌ವೇರ್ ಸಮೇತ ಪೆನ್‌ಡ್ರೈವಿಗೆ ಇಳಿಸಿ ತನ್ನ ಕಂಪ್ಯೂಟರಿಗೆ ಹಾಕಿಕೊಂಡ. ಒಂದೊಂದನ್ನೂ ಬಿಡಿಸಿ ಓದಿ ನೋಡುವ ವ್ಯವಧಾನವಿರಲಿಲ್ಲ. ಗುಂಡಿ ಒತ್ತಿದ. ಫೈಲುಗಳೆಲ್ಲ ಸರಸರನೆ ಮಾಯವಾಗಿ, ಪರದೆ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯಿತು. ಇನ್ನು ಮಂಗ ತಾನಾಗಿಯೇ ಯಜಮಾನರ ಮುಂದೆ ನಿಲ್ಲುತ್ತದೆ ಎಂದುಕೊಂಡು ಅವನು ಊಟಕ್ಕೆ ಹೋದ.

ಸಂಜೆ ಯಜಮಾನರು ಎಲ್ಲರನ್ನೂ ಕರೆದರು. ಗೋಡೆಯ ದೊಡ್ಡ ಪರದೆಯ ಮೇಲೆ ನೀರಾನೆ ನರಿಯ ಬೆನ್ನು ತಟ್ಟುತ್ತಿತ್ತು. ಭಾವಯ್ಯ ಎಲ್ಲರ ಬೆನ್ನ ಹಿಂದೆ ಸರಿದು ನಿಂತ.

"ಇದೇ ಮುಖಪುಟ," ಎಂದರು ಯಜಮಾನರು. "ಆ ನೀರಾನೆ ಮುಖದಲ್ಲಿ ಎಂಥಾ ವಾತ್ಸಲ್ಯ ನೋಡಿ." ಹಾಗೆಂದು ಷಡ್ಡಕನ ಬೆನ್ನು ತಟ್ಟಿದರು.

ಷಡ್ಡಕ ಕಣ್ಣು ಕಣ್ಣು ಬಿಟ್ಟ. "ಸರ್, ಇದನ್ನ ನಾನು ಬರೆದ ನೆನಪೇ ಇಲ್ಲ."

"ನಿಮ್ಮ ಫೋಲ್ಡರಿಂದಾನೇ ಬಂದಿದೆ. ಕೆಲಸ ಅಷ್ಟು ಸಲೀಸಾದ್ರೆ ನೆನಪು ಎಲ್ಲಿ ಉಳಿಯತ್ತೆ?"

ಆಗ ಹೊಳೆಯಿತು ಭಾವಯ್ಯನಿಗೆ. ನಿಯಮ ಕದ್ದವನು ಅದರೊಳಗಿನ ಫೋಲ್ಡರಿನ ವಿಳಾಸವನ್ನೂ ಇದ್ದ ಹಾಗೇ ಕದ್ದಿದ್ದ. ಅವನ ಸರ್ವಸ್ವವೂ ಹೋಗಿ ಷಡ್ಡಕನ ಹೆಸರಿನ ಫೋಲ್ಡರಿನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಯಜಮಾನರಿಗೆ ತಮ್ಮ ಕೆನ್ನೆಯ ಗುರುತು ಸಿಕ್ಕಿಲ್ಲವೆಂದ ಮೇಲೆ ಹೆದರುವುದೇಕೆ?

"ಸರ್, ಅದು ನಂದು. ನಾನೇ ಬರೆದದ್ದು."

ಆಫೀಸು ಗೊಳ್ಳೆಂದಿತು.

"ಹೌದಾ? ಕರಡು ತೋರಿಸಿ ನೋಡೋಣ."

ತೋರಿಸಲು ಅವನ ಕಂಪ್ಯೂಟರಿನಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಯಾಕೆ ಉಳಿದಿಲ್ಲ ಎಂದು ಹೇಳಿದರೆ ಮಧ್ಯಾಹ್ನ ಯಾರ ಕುರ್ಚಿಯಲ್ಲಿ ಕೂತಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಯಜಮಾನರು ನಿಟ್ಟುಸಿರಿಟ್ಟರು. "ಭಾವಯ್ಯ, ಇಂಥ ಚಿತ್ರ ಪ್ರೀತಿ ಇದ್ದೋರ ಕೈಲಿ ಮಾತ್ರ ಬರತ್ತೆ. ಹೊಟ್ಟೆಕಿಚ್ಚಿಗೆ ಬರಲ್ಲ."

ಎಲ್ಲರೂ ಹೊರಟ ಮೇಲೆ ಷಡ್ಡಕ ಮೆಲ್ಲಗೆ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡಿ ಭಾವ. ನಾಳೆ ಆ ಸಾಫ್ಟ್‌ವೇರ್ ನಿಮಗೂ ಹಾಕ್ಕೊಡ್ತೀನಿ."